ಚಂಪಕ್ಕನ ಸಂಖ್ಯೆ

ನಮ್ಮೂರಿನಲ್ಲಿ ಸಾಯುವವರ ಬಾಯಿಗೆ ಯಾರು ಬೇಕಾದರೂ ನೀರು ಬಿಡುವಂತಿಲ್ಲ. ಬಿಡುವವರ ಸಂಖ್ಯೆಯನ್ನೂ ಸಾಯುವವರ ಸಂಖ್ಯೆಯನ್ನೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆಯೊಂದು, ಒಂದನ್ನು ಬಿಟ್ಟು, ಇರಲೇಬೇಕು. ಅಂಥ ಕೈಯಿಂದ ಒಂದು ಚಮಚ ನೀರು ಗಂಟಲಿಗಿಳಿದರೆ ಆಯಸ್ಸು ತೀರಿದವರ ಉಸಿರು ಮೆಲ್ಲಗೆ ನಿಲ್ಲುತ್ತದೆ. ಇಳಿಯದಿದ್ದರೆ ನಿಲ್ಲುವುದಿಲ್ಲ, ಆಯಸ್ಸು ತೀರಿರುತ್ತದೆ, ನೋವು ತೀರಿರುವುದಿಲ್ಲ. ಸಲ್ಲದ ಕೈಯ ನೀರು ಕೆಂಡದ ಹಾಗೆ ಸುಡುತ್ತದೆ. ಆದ್ದರಿಂದ ಒಬ್ಬೊಬ್ಬರಾಗಿ ಬಿಟ್ಟು ನೋಡೋಣ ಎನ್ನುವಂತಿಲ್ಲ. ಮೊದಲು ಲೆಕ್ಕ ಮಾಡಬೇಕು.

ಮಗು ಹುಟ್ಟಿದ ಬೆಳಿಗ್ಗೆ ಬಾಣಂತಿ ಕೋಣೆಯ ಹೊರಗೋಡೆಯ ಮೇಲೆ ಅದರ ಸಂಖ್ಯೆ ಮೂಡುತ್ತದೆ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಮಾಸಿಹೋಗುತ್ತದೆ. ಅಷ್ಟರೊಳಗೆ ಮನೆಯವರು ಅದನ್ನು ಬಾಯಿಪಾಠ ಮಾಡಿಕೊಂಡು ಎಣಿಕೆಕಟ್ಟೆಗೆ ಬರುತ್ತಾರೆ. ಅಶ್ವತ್ಥಮರದ ಕೆಳಗಿನ ಆ ಕಲ್ಲುಕಟ್ಟೆಯ ಮೇಲೆ ಕೂತು ನಾವು ಹಲಗೆ ಬಳಪ ಹಿಡಿದು ಭಾಗಿಸುತ್ತೇವೆ. ಎರಡರಿಂದ ಭಾಗವಾದರೆ ಮಗು ಎರಡರ ಮನೆಯದು, ಮೂರರಿಂದಾದರೆ ಮೂರರ ಮನೆಯದು, ಹೀಗೆ. ಎರಡರ ಮನೆಯವರ ಗುಂಪು ದೊಡ್ಡದು, ಗದ್ದಲ ಅದಕ್ಕಿಂತ ದೊಡ್ಡದು. ಐದರ ಮನೆಯವರು ಊಟಕ್ಕೆ ಹೆಸರಾದವರು. ಹದಿಮೂರರ ಮನೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಮದುವೆಗಳೆಲ್ಲ ಮನೆಯೊಳಗೇ ನಡೆಯುತ್ತವೆ. ಕೊನೆಗೊಂದು ದಿನ ತನ್ನ ಕೈಯಾರೆ ನೀರು ಬಿಡಲಾಗದ ಗಂಡನನ್ನು ಯಾವ ಹೆಣ್ಣೂ, ಅಂಥ ಹೆಂಡತಿಯನ್ನು ಯಾವ ಗಂಡೂ ಬಯಸುವುದಿಲ್ಲ. ಮೊದಲ ಭಾಗ ಸಿಕ್ಕ ಕೂಡಲೇ ಬಳಪ ಕೆಳಗಿಡುವುದು ಪದ್ಧತಿ. ಒಂದು ಮನೆ ಸಿಕ್ಕವರಿಗೆ ಇನ್ನೊಂದು ಮನೆ ಯಾಕೆ ಎಂದು ಹಿರಿಯರು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಯಾವುದರಿಂದಲೂ ಭಾಗವಾಗದ ಸಂಖ್ಯೆಗೆ ನಾನು ಓದಿದ ಕಾಲೇಜಿನಲ್ಲಿ ಅವಿಭಾಜ್ಯ ಎನ್ನುತ್ತಿದ್ದರು. ನಮ್ಮೂರಿನಲ್ಲಿ ಒಂಟಿ ಎನ್ನುತ್ತಾರೆ. ಒಂಟಿಗಳಿಗೆ ಮನೆಯಿಲ್ಲ, ಪಂಕ್ತಿಯಲ್ಲಿ ಎಲೆಯಿಲ್ಲ, ಮದುವೆಯಿಲ್ಲ. ಅವರಿಗೆ ತಮ್ಮ ಕೈಯ ನೀರೇ ತಾಗುತ್ತದೆ. ಮನೆಯಿದ್ದವರಿಗೆ ತಮ್ಮ ಕೈಯದು ತಾಗುವುದೂ ಇಲ್ಲ, ಸುಡುವುದೂ ಇಲ್ಲ. ಹಾಗಾಗಿ ಅಂಗಾತ ಮಲಗಿಕೊಂಡೇ ಚೆಲ್ಲದೆ ನೀರು ಕುಡಿಯುವುದನ್ನು ಒಂಟಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತಾರೆ. ಆದರೆ ಹತ್ತು ಹನ್ನೊಂದು ಅಂಕಿಗಳ ಸಂಖ್ಯೆ ಒಂಟಿ ಎಂದು ತಿಳಿಯುವುದು ಸುಲಭವಲ್ಲ. ಅದರ ವರ್ಗಮೂಲದವರೆಗೆ ಸಿಗುವ ಒಂಟಿ ಸಂಖ್ಯೆಗಳಿಂದೆಲ್ಲ ಭಾಗಿಸಿ ನೋಡಬೇಕಾದರೆ ವರ್ಷಗಳೇ ಬೇಕು. ಅದಕ್ಕೆ ಹಿಂದಿನವರು ದಾರಿಯೊಂದನ್ನು ಹುಡುಕಿದ್ದರು. ಸಾವಿರದವರೆಗೆ ಭಾಗಿಸುವುದು, ಏನೂ ಸಿಗದಿದ್ದರೆ ಮರಳಿಕೆ ನೋಡುವುದು. ಎರಡನ್ನು ತೆಗೆದುಕೊಂಡು, ಮಗುವಿನ ಸಂಖ್ಯೆ ಎಷ್ಟೋ ಅಷ್ಟು ಸಲ ಅದನ್ನೇ ಗುಣಿಸಿದಂತೆ ಮಾಡಿ, ಬಂದದ್ದನ್ನು ಮಗುವಿನ ಸಂಖ್ಯೆಯಿಂದ ಭಾಗಿಸುವುದು. ಅಡ್ಡದಾರಿಗಳಿವೆ, ಎರಡು ದಿನದಲ್ಲಿ ಮುಗಿಯುತ್ತದೆ. ಸಂಖ್ಯೆ ಒಂಟಿಯಾಗಿದ್ದರೆ ಕೊಟ್ಟ ಎರಡು ಎರಡಾಗಿಯೇ ಶೇಷದಲ್ಲಿ ಮರಳಿ ಬರುತ್ತದೆ. ಮೂರು ಕೊಟ್ಟರೆ ಮೂರು, ಐದು ಕೊಟ್ಟರೆ ಐದು. ಮನೆಯಿರುವ ಸಂಖ್ಯೆ ಹಾಗೆ ಮರಳಿಸುವುದಿಲ್ಲ, ಎಲ್ಲೋ ಕೆಡಿಸುತ್ತದೆ. ಒಂಟಿಯ ವೇಷ ಹಾಕುವ ಸಂಖ್ಯೆಗಳೂ ಕೆಲವು ಇವೆ ಎಂದು ನಮಗೆ ಗೊತ್ತಿತ್ತು. ಆದರೆ ನಾವು ಕಂಡವೆಲ್ಲ ಸಾವಿರದೊಳಗಿನ ಭಾಗಕ್ಕೇ ಸಿಕ್ಕಿಬಿದ್ದಿದ್ದವು. ಅದನ್ನು ದಾಟಿದ ವೇಷ ಯಾವುದೂ ಊರಿನ ನೆನಪಿನಲ್ಲಿರಲಿಲ್ಲ.

ಚಂಪಕ್ಕ ಊರಿನ ಅತಿ ದೊಡ್ಡ ಒಂಟಿ. ಸಾವಿರದ ಮುನ್ನೂರ ಏಳು ಕೋಟಿ ತೊಂಬತ್ತೊಂದು ಲಕ್ಷ ಎಪ್ಪತ್ತೇಳು ಸಾವಿರದ ಐನೂರ ಅರವತ್ತೊಂಬತ್ತು. ಎಣಿಕೆಕಟ್ಟೆಯಲ್ಲಿ ನನಗೆ ಭಾಗಿಸಲು ಕಲಿಸಿದವರು ಅವರೇ. ಕೂಸಾಗಿದ್ದಾಗ ಅವರ ಸಂಖ್ಯೆಯನ್ನು ನೋಡಿದ ಹಿರಿಯರು ಮೂರು ಸಲ ಮರಳಿಕೆ ಮಾಡಿ ಒಂಟಿ ಎಂದಿದ್ದರು. ಹರೆಯಕ್ಕೆ ಬಂದಾಗ ಚಂಪಕ್ಕ ತಾವೇ ಕೂತು ಮತ್ತೆ ನೋಡಿದರಂತೆ. ಏಳು ಕೊಟ್ಟರು, ಹನ್ನೊಂದು ಕೊಟ್ಟರು, ನೂರ ಒಂದು ಕೊಟ್ಟರು. ಒಂದಾದರೂ ಕೆಟ್ಟು ಬರಲಿ ಎಂದು ಒಂದು ಬೇಸಿಗೆಯಿಡೀ ಕೊಟ್ಟರು. ಎಲ್ಲವೂ ಹೋದ ಹಾಗೆಯೇ ಮರಳಿ ಬಂದವು. "ಅಷ್ಟು ಅಚ್ಚುಕಟ್ಟು ಕಣೇ ಅದು," ಎಂದು ಒಮ್ಮೆ ನನಗೆ ಹೇಳಿದ್ದರು. "ಎರವಲು ಕೊಟ್ಟ ಸೇರು ಮರುದಿನ ಬೆಳಿಗ್ಗೆ ಬಾಗಿಲಿಗೇ ಬಂದ ಹಾಗೆ. ಕೊನೇಕೊನೇಗೆ ನನಗೇ ಹೆಮ್ಮೆ ಬಂತು."

ಆ ಬೇಸಿಗೆಯ ಕಾರಣ ಊರಿಗೆಲ್ಲ ಗೊತ್ತಿತ್ತು. ಪಾತ್ರೆಗಳಿಗೆ ಕಲಾಯಿ ಹಾಕುವ ಜಿನ್ನಪ್ಪ, ಎರಡರ ಮನೆಯವರು, ಚಂಪಕ್ಕನನ್ನು ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದರು. "ನೀರು ಅಂದ್ರೆ ಕೊನೇಗೆ ಒಂದು ಚಮಚ ತಾನೆ? ಅದಕ್ಕೆ ಮುಂಚೆ ಎಷ್ಟು ಊಟ ಇದೆ," ಎಂದು ಕಟ್ಟೆಯೆದುರಿಗೇ ಕೇಳಿದ್ದರಂತೆ. ಚಂಪಕ್ಕ ಬೆಸ ಸಂಖ್ಯೆ, ಜಿನ್ನಪ್ಪ ಸಮ. ಚಂಪಕ್ಕ ಒಪ್ಪಲಿಲ್ಲ. "ನನಗೆ ಕೈ ಎತ್ತೋಕಾಗದೆ ಹೋದ್ರೆ ನೀನು ಲೋಟ ಹಿಡ್ಕೊಂಡು ನಿಂತಿರ್ತೀಯ, ನಾನು ಸುಟ್ಕೊಂಡು ಬಿದ್ದಿರ್ತೀನಿ. ಅದನ್ನ ನಿನ್ನ ಕಣ್ಣಿಗೆ ಹಾಕೋದು ಬೇಡ," ಎಂದರು. ಜಿನ್ನಪ್ಪನವರು ಆಮೇಲೆ ತಮ್ಮ ಮನೆಯಲ್ಲೇ ಮದುವೆಯಾದರು. ಹೆಂಡತಿಗೆ ಕಾಯಿಲೆ ಬಂದಾಗ ತಾವೇ ನೀರು ಬಿಟ್ಟರು. ಮುದುಕರಾದರು. ಚಂಪಕ್ಕನ ಬೀದಿಗೆ ಬಂದಾಗ ಪಾತ್ರೆ ಕೇಳುತ್ತಿದ್ದರು, ಹಾಕಿ ಕೊಡುತ್ತಿದ್ದರು, ಹೋಗುತ್ತಿದ್ದರು.

ಈ ಸಲದ ಚಳಿಗಾಲದಲ್ಲಿ ಚಂಪಕ್ಕ ಹಾಸಿಗೆ ಹಿಡಿದರು. ಹೊಟ್ಟೆಯೊಳಗಿನ ಗಡ್ಡೆ. ಗಂಜಿಯೂ ನಿಲ್ಲದಾದಾಗ, ಒಂದು ಮಧ್ಯಾಹ್ನ, ಅಕ್ಕಪಕ್ಕದವರನ್ನು ಕರೆಸಿ ಎಲ್ಲರಿಗೂ ಹೋಗಿಬರುತ್ತೇನೆಂದರು. ಅಂಗಾತ ಮಲಗಿ, ಒಂದು ಹನಿಯೂ ಚೆಲ್ಲದೆ, ತಮ್ಮ ಕೈಯಾರೆ ನೀರು ಕುಡಿದು ಕಣ್ಣು ಮುಚ್ಚಿಕೊಂಡರು. ನಾವು ಕಾದೆವು. ಉಸಿರು ನಡೆದೇ ಇತ್ತು. ನೋವು ಮತ್ತೆ ಎದ್ದಿತು. "ಕೈ ನಡುಗಿರಬೇಕು," ಎಂದರು ಯಾರೋ. ಚಂಪಕ್ಕ ಇನ್ನೊಂದು ಸಲ ಕುಡಿದರು. ಮರುದಿನ ಮತ್ತೆ. ಆಗ ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಹತ್ತಿರ ಕರೆದರು.

"ನಳಿನೀ, ನಾನು ಒಂಟಿ ಅಲ್ಲ ಕಣೇ."

"ಹಾಗನ್ನಬೇಡಿ ಚಂಪಕ್ಕ. ಮರಳಿಕೆ ಅಷ್ಟು ಸಲ ಸರಿ ಬಂದಿತ್ತಲ್ಲ."

"ಮರಳಿಕೆ ಸುಳ್ಳು ಹೇಳಬಹುದು. ಈ ನೀರು ಹೇಳಲ್ಲ. ಸಾವಿರದಿಂದ ಮುಂದಕ್ಕೆ ಭಾಗಿಸು. ಬೇಗ ಮಾಡು, ತುಂಬ ನೋಯ್ತಾ ಇದೆ." ನನ್ನ ಕೈ ಹಿಡಿದು, "ತಪ್ಪು ಮಾಡ್ಬೇಡ, ಕಿವಿ ಹಿಂಡ್ತೀನಿ," ಎಂದರು. ಹಿಂಡುವ ಶಕ್ತಿ ಆ ಬೆರಳುಗಳಲ್ಲಿರಲಿಲ್ಲ.

ಅವರ ಜಗಲಿಯಲ್ಲೇ ಕೂತು ಶುರು ಮಾಡಿದೆ. ಸಾವಿರದ ಒಂಬತ್ತು, ಸಾವಿರದ ಹದಿಮೂರು, ಸಾವಿರದ ಹತ್ತೊಂಬತ್ತು. ಒಳಗಿನ ನರಳಾಟ ಕೇಳಿಸುತ್ತಿತ್ತು. ಪ್ರತಿಯೊಂದಕ್ಕೂ ಏನಾದರೊಂದು ಶೇಷ ಉಳಿಯುತ್ತಿತ್ತು. ಮರುದಿನ ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಸಾವಿರದ ಇನ್ನೂರ ತೊಂಬತ್ತೇಳಕ್ಕೆ ಬಂದಿದ್ದೆ. ಕೊನೆಯ ಸಾಲಿನಲ್ಲಿ ಮೇಲಿದ್ದ ಅಂಕಿಗಳೇ ಕೆಳಗೂ ಇದ್ದವು. ಕಳೆದೆ. ಏನೂ ಉಳಿಯಲಿಲ್ಲ. ಮತ್ತೊಮ್ಮೆ ಮಾಡಿದೆ, ಉಳಿಯಲಿಲ್ಲ. ಸಿಕ್ಕ ಭಾಗಲಬ್ಧವನ್ನು ಒಡೆದಾಗ ಇನ್ನೆರಡು ಬಂದವು: ಎರಡು ಸಾವಿರದ ಐನೂರ ತೊಂಬತ್ತಮೂರು, ಮೂರು ಸಾವಿರದ ಎಂಟುನೂರ ಎಂಬತ್ತೊಂಬತ್ತು. ಮೂರೂ ಒಂಟಿ ಸಂಖ್ಯೆಗಳು. ಮೂರರಿಂದಲೂ ಒಂದೊಂದು ಕಳೆದು ನೋಡಿದೆ. ಎರಡನೆಯದು ಮೊದಲನೆಯದರ ಸರಿಯಾಗಿ ಎರಡರಷ್ಟು, ಮೂರನೆಯದು ಮೂರರಷ್ಟು. ಚಂಪಕ್ಕನ ಸಂಖ್ಯೆಯಿಂದ ಒಂದು ಕಳೆದರೆ ಬರುವುದನ್ನು, ಹಾಗೆ ಒಂದೊಂದು ಕಳೆದು ಬಂದ ಆ ಮೂರೂ ಶೇಷವಿಲ್ಲದೆ ಭಾಗಿಸುತ್ತಿದ್ದವು. ಅದರಿಂದಲೇ ಏನು ಕೊಟ್ಟರೂ ಅದು ಮರಳಿಸುತ್ತಿತ್ತು. ಇಂಥ ಸಂಖ್ಯೆಗೆ ಆ ಬೇಸಿಗೆಯಲ್ಲ, ಜನ್ಮವಿಡೀ ಕೊಟ್ಟಿದ್ದರೂ ಅದು ಹಾಗೆಯೇ ಮರಳಿಸುತ್ತಿತ್ತು.

ಹೇಳಿದಾಗ ಚಂಪಕ್ಕ ಒಂದೊಂದಾಗಿ ಮೂರು ಬೆರಳು ಮಡಿಸಿದರು. "ಮೂರು," ಎಂದರು ಆಮೇಲೆ. "ಒಂದೂ ಇಲ್ಲ ಅಂದ್ಕೊಂಡಿದ್ದವಳಿಗೆ ಮೂರು."

ಆದರೆ ಆ ಮೂರು ಸಂಖ್ಯೆಗಳ ಮನೆಗಳು ಊರಿನಲ್ಲಿರಲಿಲ್ಲ. ಎಲ್ಲರನ್ನೂ ಮೊದಲ ಭಾಗಕ್ಕೇ ನಿಲ್ಲಿಸಿದ್ದೆವಲ್ಲ. ಯಾರ ಸಂಖ್ಯೆಯ ಒಳಗೆ ಏನಿದೆಯೆಂದು ಯಾರಿಗೆ ಗೊತ್ತು? ಡಂಗುರ ಸಾರಿಸಿದೆವು. ಮರುದಿನ ಬೆಳಿಗ್ಗೆಯಿಂದ ಜನ ಚಂಪಕ್ಕನ ಜಗಲಿಯ ಮುಂದೆ ಸಾಲು ನಿಂತರು. ಒಬ್ಬೊಬ್ಬರೂ ತಮ್ಮ ಸಂಖ್ಯೆ ಹೇಳುವುದು, ನಾನು ಆ ಮೂರರಿಂದ ಭಾಗಿಸುವುದು, ಶೇಷ ಉಳಿದರೆ ಅವರು ತಲೆ ತಗ್ಗಿಸಿ ಇಳಿದು ಹೋಗುವುದು. ಬಹಳ ಜನ ಕಟ್ಟೆಯಲ್ಲಿ ಚಂಪಕ್ಕನ ಕೈಯಲ್ಲೇ ಮನೆ ಕಂಡವರು. ಇಳಿಯುವಾಗ ತಪ್ಪು ತಮ್ಮದೇ ಎಂಬಂತೆ ಇಳಿಯುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಹೂ ಮಾರುವ ರಂಗನಾಯಕಿ ಬಂದಳು. ಸಾಲಿನಲ್ಲಿ ನಿಂತಷ್ಟು ಹೊತ್ತೂ ಅವಳ ಬಾಯಿ ಸುಮ್ಮನಿರಲಿಲ್ಲ. "ಚಂಪಕ್ಕ ನಮ್ಮ ಐದರ ಮನೆಯವರಾಗಿದ್ರೆ ಹೋಳಿಗೆ ಹಾಕಿ ಕಳಿಸ್ತಿದ್ವಿ. ಈ ಎರಡರ ಮನೆಯವರನ್ನ ನೋಡಿ, ಸತ್ತರೂ ಅವಲಕ್ಕಿ, ಹುಟ್ಟಿದರೂ ಅವಲಕ್ಕಿ," ಎಂದು ಹಿಂದೆ ನಿಂತವರನ್ನು ಚುಚ್ಚುತ್ತಿದ್ದಳು. "ಅವಲಕ್ಕಿಗೆ ಹಲ್ಲು ಬೇಕು, ನಿಮಗೆಲ್ಲಿದೆ," ಎಂದು ಹಿಂದಿನಿಂದ ಉತ್ತರ ಬಂತು. ಅವಳ ಸಂಖ್ಯೆಯನ್ನು ಮೂರು ಸಾವಿರದ ಎಂಟುನೂರ ಎಂಬತ್ತೊಂಬತ್ತರಿಂದ ಭಾಗಿಸಿದೆ. ಶೇಷ ಸೊನ್ನೆ. ನನ್ನ ಮುಖ ನೋಡಿ ರಂಗನಾಯಕಿಯ ಮಾತು ನಿಂತಿತು. "ಅಯ್ಯೋ, ನಾನಾ?" ಎಂದಳು. ಬುಟ್ಟಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಆಗಲಿ ತಾಯಿ. ಬಿಡ್ತೀನಿ. ಕೈ ತೊಳ್ಕೊಂಡು ಬರ್ತೀನಿ."

ಒಳಗಿನಿಂದ ಚಂಪಕ್ಕ ಕೂಗಿದರು. "ನಳಿನೀ, ಸಿಕ್ಕಿತಲ್ಲ. ಸಾಕು, ಬಳಪ ಇಡು. ಇನ್ನು ಯಾರದ್ದೂ ನೋಡ್ಬೇಡ."

ಅಷ್ಟು ಗಟ್ಟಿಯಾಗಿ ಅವರು ಕೂಗಿದ್ದು ಯಾಕೆಂದು ತಲೆಯೆತ್ತಿದಾಗ ತಿಳಿಯಿತು. ರಂಗನಾಯಕಿಯ ಹಿಂದೆ ಜಿನ್ನಪ್ಪನವರು ನಿಂತಿದ್ದರು. ಆಗ ಅವಲಕ್ಕಿಗೆ ಉತ್ತರ ಕೊಟ್ಟ ದನಿ ಅವರದು.

"ನನ್ನದೂ ನೋಡು ನಳಿನಮ್ಮ," ಎಂದರು.

"ಸಿಕ್ಕ ಮೇಲೆ ನಿಲ್ಲಿಸೋದು ಪದ್ಧತಿ," ಎಂದು ಒಳಗಿನ ದನಿ ಮತ್ತೆ ಹೇಳಿತು. ಅದರಲ್ಲಿ ಈಗ ಗಟ್ಟಿತನವಿರಲಿಲ್ಲ, ಬೇಡಿಕೆಯಿತ್ತು.

"ಪದ್ಧತಿ ಕಟ್ಟೆಯದು. ನಾನು ಸಾಲಿನಲ್ಲಿ ನಿಂತವನು. ಬೆಳಗ್ಗೆಯಿಂದ ನಿಂತಿದ್ದೀನಿ, ಈಗ ನನ್ನ ಸರದಿ." ಹಾಗೆಂದು, ಬಾಲ್ಯದಲ್ಲಿ ಕಲಿತ ಪದ್ಯದ ಹಾಗೆ, ರಾಗವಾಗಿ ಹೇಳಿದರು: "ಒಂಬೈನೂರ ಮೂವತ್ತಮೂರು ಕೋಟಿ, ನಲವತ್ತೆಂಟು ಲಕ್ಷ, ಐವತ್ತೇಳು ಸಾವಿರದ ನಲವತ್ತಾರು."

ಯಾರ ಮಾತು ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಕೇಳಿಸಿಕೊಂಡ ಸಂಖ್ಯೆಯನ್ನು ಭಾಗಿಸದೆ ಬಿಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಸಾವಿರದ ಇನ್ನೂರ ತೊಂಬತ್ತೇಳರಿಂದ ಭಾಗಿಸಿದೆ, ನಾನೂರ ಐವತ್ತು ಉಳಿಯಿತು. ಹಾಯೆನಿಸಿತು. ಎರಡು ಸಾವಿರದ ಐನೂರ ತೊಂಬತ್ತಮೂರನ್ನು ಹಿಡಿದೆ. ಮೂರು ಸಲ ಹೋಯಿತು. ಮುಂದಿನ ಅಂಕಿ ಇಳಿಸಿದರೆ ಸರಿಯಾಗಿ ಆರು ಸಲ, ಅಲ್ಲಿಗೇ ಸೊನ್ನೆ. ಬಾಲದಲ್ಲಿ ಐವತ್ತೇಳು ಸಾವಿರದ ನಲವತ್ತಾರು ಮಾತ್ರ ಉಳಿದಿತ್ತು. ಅದಕ್ಕೆ ಇಪ್ಪತ್ತೆರಡು ಸಲ ಹೋಯಿತು.

"ಎಷ್ಟು ಉಳೀತು?"

"ಏನೂ ಉಳಿಯಲಿಲ್ಲ."

"ಅಂದ್ರೆ?"

"ನಿಮ್ಮ ನೀರು ಸಲ್ಲುತ್ತೆ."

ಜಿನ್ನಪ್ಪನವರು ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತು ತಮ್ಮ ಅಂಗೈ ನೋಡಿಕೊಂಡರು. ತವರದ ಹೊಗೆಗೆ ಕಪ್ಪಾದ ಕೈ ಅದು. "ಅವತ್ತೂ ಸಲ್ತಿತ್ತಾ?" ಎಂದು ಕೇಳಿದರು.

"ಅವತ್ತೂ."

ಕೈ ತೊಳೆದುಕೊಂಡು ಬಂದ ರಂಗನಾಯಕಿ ಅಲ್ಲೇ ನಿಂತುಬಿಟ್ಟಳು. ನಾನು ಹೇಳಬೇಕಾದ್ದನ್ನು ಹೇಳಿದೆ: ಚಂಪಕ್ಕನ ನೋವು ತಡೆಯುವಂತಿಲ್ಲ, ಯಾರಾದರೂ ಈಗ ಬಿಡಬೇಕು, ನೀವು ಬಿಡುತ್ತೀರಾ. ಅವರು ತಲೆಯಲ್ಲಾಡಿಸಿದರು. "ಇಲ್ಲಮ್ಮ. ಒಂದು ಸಲ ಬಿಟ್ಟವನು ನಾನು, ಆ ಕೈ ಇನ್ನೂ ಹಗುರ ಆಗಿಲ್ಲ. ಈ ನೀರು ಬಿಡೋಕೆ ಆಗಲ್ಲ ಅಂತ ಇವಳು ನನ್ನನ್ನ ಬೇಡ ಅಂದಳು. ಬಾಳೆಲ್ಲ ಬಿಟ್ಟು ಆ ಒಂದು ಚಮಚ ಮಾತ್ರ ಈಗ ಕೊಡು ಅಂತೀಯಲ್ಲ, ಯಾವ ನ್ಯಾಯ?"

"ಹೊರಗೆ ಯಾಕೆ ಪಿಸಪಿಸ? ಹಲಗೆ ತಗೊಂಡು ಬಾ," ಎಂದರು ಚಂಪಕ್ಕ.

ಒಯ್ದೆ. ಜಿನ್ನಪ್ಪನವರು ನನ್ನ ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತರು. ಚಂಪಕ್ಕ ಹಲಗೆಯನ್ನು ಎದೆಯ ಮೇಲಿಟ್ಟುಕೊಂಡು ಸಾಲುಸಾಲಾಗಿ ನೋಡಿದರು. ಗುಣಿಸಿ ನೋಡಿದೆಯಾ ಎಂದು ಕೇಳಿದರು. ನೋಡಿದೆ ಎಂದರೂ ನಂಬದೆ ತಾವೇ ತುಟಿಯಲ್ಲಾಡಿಸುತ್ತ ಗುಣಿಸಿದರು. ನೋವು ಬಂದಾಗ ನಿಲ್ಲಿಸಿ, ಹೋದಾಗ ಬಿಟ್ಟಲ್ಲಿಂದ ಹಿಡಿದರು. "ಸರಿ ಇದೆ," ಎಂದರು ಕೊನೆಗೆ, ಕಟ್ಟೆಯಲ್ಲಿ ಹೇಳುತ್ತಿದ್ದ ಹಾಗೆಯೇ. ಆಮೇಲೆ ಹೊಸ್ತಿಲ ಕಡೆ ತಿರುಗಿದರು.

"ಅದಕ್ಕೇ ಬೇಡ ಅಂದಿದ್ದು. ರಂಗನಾಯಕಿ ಕೈಯಲ್ಲಿ ಕುಡಿದು ಏನೂ ತಿಳೀದೆ ಹೋಗ್ತಿದ್ದೆ."

"ನಾನು ಹೋಗೋಕೆ ಬಿಡಬೇಕಲ್ಲ."

"ನೀನು ಅವತ್ತೂ ಹಾಗೇ. ಬಾಗಿಲು ಹಾಕಿದ್ರೆ ಕಿಟಕಿ ತಟ್ಟೋನು."

"ತಟ್ಟಿದ್ದು ಸಾಲಲಿಲ್ಲ," ಎಂದರು ಜಿನ್ನಪ್ಪ. "ಇನ್ನೂ ಸ್ವಲ್ಪ ತಟ್ಟಬೇಕಾಗಿತ್ತು. ನೀನು ಲೆಕ್ಕ ಬಲ್ಲವಳು, ನಿನ್ನ ಮಾತು ನಂಬಿದೆ."

"ನಾನೂ ನಂಬಿದೆ ಕಣೋ," ಎಂದರು ಚಂಪಕ್ಕ. ಅಳಲಿಲ್ಲ. ಕಣ್ಣು ಹಲಗೆಯ ಮೇಲೇ ಇತ್ತು. "ಊಟ ಆಯ್ತಾ?"

"ಇಲ್ಲ. ಸಾಲು ಬಿಟ್ಟು ಹೋಗೋದು ಹೇಗೆ?"

"ನಳಿನೀ, ಇವರಿಗೊಂದು ಎಲೆ ಹಾಕು. ಇಲ್ಲೇ ಹಾಕು, ನನ್ನ ಪಕ್ಕದಲ್ಲಿ."

ಬಾಗಿಲಲ್ಲಿದ್ದ ರಂಗನಾಯಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಜಗಲಿಗೆ ಹೋದಳು. ನಾನು ಅನ್ನ ಸಾರು ಬಡಿಸಿದೆ. ಒಂಟಿಯ ಮನೆಯಲ್ಲಿ ಇನ್ನೊಬ್ಬರ ಎಲೆ ಬಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಜಿನ್ನಪ್ಪನವರು ನಿಧಾನವಾಗಿ ಉಂಡರು. ಚಂಪಕ್ಕ ತುತ್ತುತುತ್ತನ್ನೂ ನೋಡುತ್ತಿದ್ದರು.

"ಉಪ್ಪು ಹೇಗಿದೆ?"

"ಕಮ್ಮಿ."

"ನಳಿನಿ ಮಾಡಿದ್ದು. ನಾನು ಮಾಡಿದ್ರೆ ಜಾಸ್ತಿ ಆಗ್ತಿತ್ತು. ನೀನು ದಿನಾ ಬೈತಿದ್ದೆ."

"ಬೈತಿರಲಿಲ್ಲ. ನೀರು ಜಾಸ್ತಿ ಕುಡೀತಿದ್ದೆ, ಅಷ್ಟೇ."

ಚಂಪಕ್ಕ ನಗಲು ಹೋದರು. ನಗು ಹೊಟ್ಟೆಯನ್ನು ಹಿಡಿದುಕೊಂಡಿತು. ಈ ಸಲ ನೋವು ಬಂದದ್ದು ಹೋಗಲೇ ಇಲ್ಲ. ಅವರು ಹಾಸಿಗೆಯ ಅಂಚನ್ನು ಕಚ್ಚಿ ಹಿಡಿದರು. ಹಲಗೆ ಜಾರಿ ನೆಲಕ್ಕೆ ಬಿತ್ತು. ಜಿನ್ನಪ್ಪನವರ ತುತ್ತು ಕೈಯಲ್ಲೇ ನಿಂತಿತು. ರಂಗನಾಯಕಿಯನ್ನು ಕರೆಯಲೇ ಎಂದು ಕೇಳಿದೆ.

"ಜಿನ್ನಪ್ಪ," ಎಂದರು ಚಂಪಕ್ಕ ಹಲ್ಲುಗಳ ನಡುವೆ, "ಇನ್ನು ಆಗಲ್ಲ."

ಅವರು ಎದ್ದು ಹಿತ್ತಲಿಗೆ ಹೋದರು. ಕೈ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಕಪ್ಪು ಹೋಗುವಂಥದಲ್ಲವೆಂದು ಅವರಿಗೂ ಗೊತ್ತಿತ್ತು. ಒಳಗೆ ಬಂದು ಚಂಪಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ಕೈ ಚಾಚಿದರು. ನಾನು ಲೋಟ, ಚಮಚ ಕೊಟ್ಟೆ. ಚಮಚ ತುಟಿಯ ಹತ್ತಿರ ಹೋಗಿ ನಿಂತಿತು, ಹಿಂದೆ ಬಂತು, ಮತ್ತೆ ಹೋಯಿತು. ಚಂಪಕ್ಕ ಅವರನ್ನು ನೋಡುತ್ತಲೇ ಬಾಯಿ ತೆರೆದರು. ನೀರು ಇಳಿಯಿತು. ಸುಡಲಿಲ್ಲ. ಮುಖದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಷ್ಟು ದಿನ ಹತ್ತಿರವಿದ್ದ ನಾನು ನೋವಿಲ್ಲದಾಗ ಆ ಮುಖ ಹೇಗಿರುತ್ತದೆಂಬುದನ್ನು ಮರೆತೇಬಿಟ್ಟಿದ್ದೆ.

ಹೊರಗೆ ಜನ ಕಾಯುತ್ತಿದ್ದರು. ನೀರು ಬಿಟ್ಟವರು ಬಾಗಿಲಿಗೆ ಬಂದು, ತೀರಿಹೋದವರ ಮನೆಯನ್ನು ಕೂಗಿ ಹೇಳಬೇಕು, ಆ ಮನೆ ಇಷ್ಟರದ್ದೆಂದು. ಕೇಳಿದ ಮೇಲೆ ಆ ಮನೆಯವರು ಮುಂದೆ ಬಂದು ಚಟ್ಟದ ಬಿದಿರು ಮುಟ್ಟುತ್ತಾರೆ, ಉಳಿದವರು ದಾರಿ ಬಿಡುತ್ತಾರೆ. ಜಿನ್ನಪ್ಪನವರು ಗೋಡೆ ಹಿಡಿದು ಬಾಗಿಲಿಗೆ ಬಂದರು. ಸಂಖ್ಯೆ ಅವರಿಗೆ ರೂಢಿಯಿರಲಿಲ್ಲ. ನನ್ನ ಕಡೆ ನೋಡಿದರು, ನಾನು ಮೆಲ್ಲಗೆ ಹೇಳಿಕೊಟ್ಟೆ.

"ಎರಡು ಸಾವಿರದ ಐನೂರ ತೊಂಬತ್ತಮೂರರ ಮನೆ," ಎಂದರು.

ಅಂಥ ಮನೆಯ ಹೆಸರನ್ನು ಊರು ಕೇಳಿರಲಿಲ್ಲ. ಯಾರೂ ಮುಂದೆ ಬರಲಿಲ್ಲ, ಯಾರೂ ದಾರಿ ಬಿಡಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ರಂಗನಾಯಕಿಯೇ ಧೈರ್ಯ ಮಾಡಿ ಕೇಳಿದಳು.

"ಆ ಮನೇಲಿ ಎಷ್ಟು ಜನ ಅಣ್ಣಾ?"

"ಇಬ್ಬರು," ಎಂದರು ಜಿನ್ನಪ್ಪ.